ಬೀಗ ಹಾಕಿದ ಬಾಗಿಲನ್ನೂ ತೆರೆಸಿ ನೋಡು

ಚಿ|| ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಎರಡು ಮೆಡಿಕಲ್ ಕಾಲೇಜಿನಲ್ಲೂ ಸೀಟು ಸಿಕ್ಕಿದೆ, ಯಾವುದಕ್ಕೆ ಸೇರಲಿ ಅಂತ ಕೇಳಿದ್ದೀಯ. ನೀನು ಕಳಿಸಿದ ಪುಸ್ತಿಕೆಗಳನ್ನು ಓದಿದೆ. ಹೊಸ ಕಾಲೇಜಿನದರಲ್ಲಿ ಈಜುಕೊಳಕ್ಕೇ ಮೂರು ಪುಟ. ಆಸ್ಪತ್ರೆಯದು ಒಂದೇ ಚಿತ್ರ, ಅದರಲ್ಲೂ ಹಾಸಿಗೆಗಳೆಲ್ಲ ಖಾಲಿ. (ನಿನಗೆ ಈಜೂ ಬರುವುದಿಲ್ಲ!)

ಏಬ್ರಹಾಂ ಫ್ಲೆಕ್ಸ್‌ನರ್ ಅಂತ ಒಬ್ಬರಿದ್ದರು. ಡಾಕ್ಟರಲ್ಲ, ಶಾಲೆ ನಡೆಸಿದ್ದ ಮೇಷ್ಟ್ರು. ಅಮೆರಿಕ, ಕೆನಡಾಗಳ 155 ಮೆಡಿಕಲ್ ಕಾಲೇಜುಗಳ ಬಗ್ಗೆ 1910ರಲ್ಲಿ ವರದಿ ಕೊಟ್ಟರು. ಒಂದು ಕಡೆ ಬಾಗಿಲುಗಳ ಮೇಲೆ ಅನಾಟಮಿ, ಫಿಸಿಯಾಲಜಿ ಅಂತೆಲ್ಲ ಬರೆದಿತ್ತಂತೆ, ಎಲ್ಲಕ್ಕೂ ಬೀಗ. ಕೀಲಿಕೈ ಇದ್ದ ಜವಾನ ಸಿಗಲೇ ಇಲ್ಲ. ಫ್ಲೆಕ್ಸ್‌ನರ್‌ರನ್ನು ಅಲ್ಲಿನ ಡೀನ್ ರೈಲ್ವೆ ಸ್ಟೇಷನ್ನಿಗೆ ಬಿಟ್ಟು ಮರೆಯಾದ ಮೇಲೆ ಈ ಪುಣ್ಯಾತ್ಮ ವಾಪಸ್ ಬಂದು, ಜವಾನನ ಕೈ ಬೆಚ್ಚಗೆ ಮಾಡಿ ಬಾಗಿಲು ತೆಗೆಸಿದರು. ಪ್ರತಿ ಕೋಣೆಯಲ್ಲೂ ಒಂದು ಮೇಜು, ಪುಟ್ಟ ಕರಿಹಲಗೆ, ಕುರ್ಚಿಗಳು. ಅಷ್ಟೇ.

ಲಂಚ ಒಂದು ಬಿಟ್ಟು ಮಿಕ್ಕಿದ್ದನ್ನು ನೀನೂ ಮಾಡು. ಅವರು ಕರೆದ ದಿನ ಹೋಗಬೇಡ. ಯಾವುದೋ ಒಂದು ಮಾಮೂಲಿ ಬೆಳಗ್ಗೆ ಹೋಗಿ ಓಪಿಡಿಯ ಬೆಂಚಿನ ಮೇಲೆ ಒಂದು ಗಂಟೆ ಕೂತು ಬಾ. ಪ್ರೊಫೆಸರರನ್ನಲ್ಲ, ಓದು ಮುಗಿಸಿ ತರಬೇತಿಯಲ್ಲಿರುವ ಹೌಸ್ ಸರ್ಜನ್‌ಗಳನ್ನು ಕೇಳು: ಎಷ್ಟು ಹೆರಿಗೆ ಕೈಯಾರೆ ಮಾಡಿಸಿದ್ದೀರಿ? ಗಾಯಕ್ಕೆ ಹೊಲಿಗೆ ಹಾಕಿದ್ದೀರಾ, ಇಲ್ಲ ಹಾಕುವುದನ್ನು ನೋಡಿದ್ದೀರಾ?

ಹಾಗಂತ ರೋಗಿಗಳ ನೂಕುನುಗ್ಗಲು ಇದ್ದರೆ ಸಾಕು ಅಂದುಕೊಳ್ಳಬೇಡ. ನಾನು ಓದಿದ ಕಡೆ ರೋಗಿಗಳಿಗೇನೂ ಬರವಿರಲಿಲ್ಲ. ಆದರೆ ಒಂದು ಹಾಸಿಗೆ ಸುತ್ತ ಮೂವತ್ತು ಜನ ನಿಲ್ಲುತ್ತಿದ್ದೆವು. ಕುಳ್ಳಿ ನಾನು, ನನಗೆ ಕಾಣುತ್ತಿದ್ದದ್ದು ಮುಂದಿನವರ ಬೆನ್ನು ಮಾತ್ರ. ಒಂದು ದಿನ ರೌಂಡ್ಸ್ ಮುಗಿದ ಮೇಲೆ ಮೇಡಂ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡರು. ಸ್ಪ್ಲೀನ್, ಅಂದರೆ ಗುಲ್ಮ, ಊದಿದ್ದ ಒಬ್ಬ ಹುಡುಗ ಮಲಗಿದ್ದ. ನಾನು ಹೊಟ್ಟೆ ಒತ್ತಿ ಒತ್ತಿ ಹುಡುಕುತ್ತಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದು, "ಒತ್ತಬೇಡ, ಬೆರಳು ಸುಮ್ಮನೆ ಇಟ್ಟುಕೊಂಡು ಕಾಯಿ. ಅವನು ಉಸಿರೆಳೆದುಕೊಂಡಾಗ ಅದೇ ಬರುತ್ತೆ" ಅಂದರು. ಹುಡುಗ ಉಸಿರೆಳೆದ. ಗಟ್ಟಿ ಅಂಚೊಂದು ಮೆಲ್ಲಗೆ ಇಳಿದು ಬಂದು ನನ್ನ ತೋರುಬೆರಳಿಗೆ ತಾಗಿತು. ಅಲ್ಲಿಯವರೆಗೂ ನನ್ನ ಪಾಲಿಗೆ ಸ್ಪ್ಲೀನ್ ಅಂದರೆ ಪುಸ್ತಕದ ಚಿತ್ರ.

ಅದಕ್ಕೇ ಒಂದು ಯೂನಿಟ್ಟಿಗೆ (ವಾರ್ಡಿನ ಒಂದು ಡಾಕ್ಟರ್ ತಂಡಕ್ಕೆ) ಎಷ್ಟು ವಿದ್ಯಾರ್ಥಿಗಳನ್ನು ಹಾಕುತ್ತಾರೆ, ಹಾಸಿಗೆ ಪಕ್ಕ ನಿಂತು ಪಾಠ ಮಾಡುವವರು ಯಾರು ಅಂತ ವಿಚಾರಿಸು. ಪುಸ್ತಕ, ವಿಡಿಯೊ ಎಲ್ಲಿ ಬೇಕಾದರೂ ಸಿಗುತ್ತವೆ. ಹಾಸ್ಟೆಲ್ಲಿನಿಂದ ಆಸ್ಪತ್ರೆಗೆ ರಾತ್ರಿ ನಡೆದು ಹೋಗಲು ಆಗುತ್ತದಾ ನೋಡು. ಇನ್ನು ಫೀಸಿಗಾಗಿ ಮಾಡುವ ಸಾಲದ ಮಾತು: ಓದು ಮುಗಿದ ಮೇಲೆ ಯಾವ ವಿಭಾಗ ಹಿಡಿಯಬೇಕು ಅನ್ನುವುದನ್ನು ಸಾಲವೇ ತೀರ್ಮಾನ ಮಾಡುವ ಹಾಗಾಗಬಾರದು.

ಸದ್ಯಕ್ಕೆ ನನ್ನ ಓಟು ಹಳೇ ಕಾಲೇಜಿಗೆ, ಗೋಡೆ ಸುಣ್ಣ ಕಂಡು ಎಷ್ಟು ವರ್ಷವಾಗಿದ್ದರೂ ಸರಿ. ಅಲ್ಲೂ ಹಾಸಿಗೆಗೆ ಮೂವತ್ತು ಜನ ಅಂತಾದರೆ ಈ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಹೋಗಿ ಬಂದು ಫೋನ್ ಮಾಡು. ಮೊದಲು ವಾರ್ಡಿನ ವಿಷಯ ಹೇಳು, ಹಾಸ್ಟೆಲ್ಲಿನದು ಆಮೇಲೆ.

ನಿನ್ನ,
ದೊಡ್ಡಮ್ಮ