ಹೋಮ್ ಥಿಯೇಟರ್ ಕಂಪ್ಯೂಟರ್: ಮೊದಲು ಡಿಕೋಡರ್ ನೋಡಿ

ಮಾನ್ಯ ಸಂಪಾದಕರೇ,

ಟಿವಿಗೆ ಜೋಡಿಸಲೆಂದೇ ಕಂಪ್ಯೂಟರ್ ಕಟ್ಟುವವರು ಪ್ರೊಸೆಸರ್‌ನ ಕೋರ್, ಗಿಗಾಹರ್ಟ್ಜ್ ಎಣಿಸುತ್ತಾ ಕೂರುತ್ತಾರೆ. ತಂತ್ರಜ್ಞಾನ ಅಂಕಣಗಳೂ ಅದನ್ನೇ ಪಟ್ಟಿ ಮಾಡುತ್ತವೆ. ಆದರೆ ಸಿನಿಮಾ ತೋರಿಸುವಾಗ ದುಡಿಯುವುದು ಗ್ರಾಫಿಕ್ಸ್ ಚಿಪ್‌ನೊಳಗಿನ ವಿಡಿಯೊ ಡಿಕೋಡರ್, ಅಂದರೆ ಕುಗ್ಗಿಸಿಟ್ಟ ವಿಡಿಯೊವನ್ನು ಬಿಡಿಸಿ ಚಿತ್ರವಾಗಿಸುವ ಭಾಗ. ವಿಡಿಯೊ ಕುಗ್ಗಿಸುವ ವಿಧಾನಗಳಾದ 10 ಬಿಟ್ (ಹೆಚ್ಚು ಬಣ್ಣಛಾಯೆಗಳ) ಎಚ್‌ಇವಿಸಿ ಮತ್ತು ಎವಿ1 ಎರಡೂ ಅದಕ್ಕೆ ಗೊತ್ತಿರಬೇಕು. ಇಲ್ಲದಿದ್ದರೆ ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬಿದ್ದು, 4ಕೆ ದೃಶ್ಯ ತಡವರಿಸುತ್ತದೆ, ಫ್ಯಾನ್ ಗದ್ದಲ ಸಂಭಾಷಣೆಯನ್ನೇ ನುಂಗುತ್ತದೆ.

ಇಂಟೆಲ್‌ನ 12ನೇ ತಲೆಮಾರಿನ ಐ3 ಪ್ರೊಸೆಸರ್ ಸಾಕು, ಎರಡನ್ನೂ ಸಲೀಸಾಗಿ ಆಡಿಸುತ್ತದೆ. ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಮಾತ್ರ ಬೇಡ, ಅದರಲ್ಲಿ ಗ್ರಾಫಿಕ್ಸೇ ಇರುವುದಿಲ್ಲ. ಎಎಂಡಿಯ ರೈಜೆನ್ 5 5600ಜಿ ಪ್ರೊಸೆಸರ್ ಎಚ್‌ಇವಿಸಿ ಆಡಿಸುತ್ತದೆ, ಎವಿ1 ಆಡಿಸದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ: ರೇಡಿಯಾನ್ ಆರ್‌ಎಕ್ಸ್ 6400ರಲ್ಲೂ ಎವಿ1 ಡಿಕೋಡರ್ ಇಲ್ಲ.

ಮದರ್‌ಬೋರ್ಡ್‌ನ ಎಚ್‌ಡಿಎಂಐ (ಟಿವಿಗೆ ಚಿತ್ರ, ಧ್ವನಿ ಒಯ್ಯುವ ಕಿಂಡಿ) ಆವೃತ್ತಿಯನ್ನು ಖರೀದಿಗೆ ಮುಂಚೆಯೇ ಓದಿಕೊಳ್ಳಬೇಕು. ಚಿಪ್ ಎಷ್ಟೇ ಹೊಸದಿರಲಿ, ಬೋರ್ಡ್‌ನ ಕಿಂಡಿ 1.4 ಆಗಿದ್ದರೆ 4ಕೆಯಲ್ಲಿ 30 ಹರ್ಟ್ಜ್‌ಗೆ, ಅಂದರೆ ಸೆಕೆಂಡಿಗೆ 30 ಚಿತ್ರಕ್ಕೆ, ನಿಂತುಬಿಡುತ್ತದೆ. 60 ಬೇಕೆಂದರೆ 2.0 ಅಥವಾ ಅದಕ್ಕಿಂತ ಹೊಸದು ಇರಲೇಬೇಕು. ಎಲ್ಲ ಸರಿಯಿದ್ದೂ ಕ್ಯಾಮೆರಾ ಪಕ್ಕಕ್ಕೆ ಹೊರಳಿದಾಗ ದೃಶ್ಯ ಜಗ್ಗಿದಂತೆ ಕಂಡರೆ ಬಿಡಿಭಾಗವನ್ನು ದೂರಬೇಡಿ. ಸೆಕೆಂಡಿಗೆ 24 ಫ್ರೇಮ್‌ನ ಚಿತ್ರ 60 ಹರ್ಟ್ಜ್ ಪರದೆಯಲ್ಲಿ ಸಮನಾಗಿ ಹಂಚಿಕೆಯಾಗುವುದಿಲ್ಲ, ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ ಬರುತ್ತದೆ. ಪ್ಲೇಯರ್‌ನಲ್ಲಿ ಪರದೆಯ ರಿಫ್ರೆಶ್ ದರ (ಈ ಹರ್ಟ್ಜ್) ಚಿತ್ರಕ್ಕೆ ತಕ್ಕಂತೆ ಬದಲಾಗುವ ಆಯ್ಕೆ ಹಾಕಿದರೆ ಈ ತೊಂದರೆ ಹೋಗುತ್ತದೆ.

ಸೌಂಡ್ ಕಾರ್ಡ್ ದಂಡ. ಗುಣಮಟ್ಟ ಕಳೆಯದ ಡಾಲ್ಬಿ ಟ್ರೂಎಚ್‌ಡಿ ಧ್ವನಿ ಎಚ್‌ಡಿಎಂಐ ಮೂಲಕವೇ ಸ್ಪೀಕರ್‌ಗಳನ್ನು ನುಡಿಸುವ ರಿಸೀವರ್‌ಗೆ ಹೋಗುತ್ತದೆ. ಟಿವಿಯ ಮೂಲಕ ಸುತ್ತಿಸುವುದಾದರೆ ಇಎಆರ್‌ಸಿ (ಟಿವಿಯಿಂದ ರಿಸೀವರ್‌ಗೆ ಧ್ವನಿ ಕಳಿಸುವ ಎಚ್‌ಡಿಎಂಐ ಸೌಲಭ್ಯದ ಹೊಸ ರೂಪ) ಬೇಕು, ಹಳೆಯ ಎಆರ್‌ಸಿ ಅದನ್ನು ಸಾಗಿಸದು.

ರ‍್ಯಾಮ್ 8 ಜಿಬಿಯ ಎರಡು ಕಡ್ಡಿ ಇರಲಿ. ಒಳಗಿನ ಗ್ರಾಫಿಕ್ಸ್ ಅದನ್ನೇ ಹಂಚಿಕೊಳ್ಳುವುದರಿಂದ ಜೋಡಿ ಕಡ್ಡಿ ವೇಗ ಕೊಡುತ್ತದೆ. ವ್ಯವಸ್ಥೆಗೆ ಸಣ್ಣ ಎಸ್‌ಎಸ್‌ಡಿ, ಚಿತ್ರಗಳಿಗೆ ಹಾರ್ಡ್‌ಡಿಸ್ಕ್. ಗುರ್ ಎನ್ನುವ ಡಿಸ್ಕನ್ನು ಬೇರೆ ಕೋಣೆಯಲ್ಲಿಟ್ಟು ಗಿಗಾಬಿಟ್ ತಂತಿಯಲ್ಲಿ ಎಳೆಯುವುದೇ ಲೇಸು. ಅಲ್ಟ್ರಾ ಎಚ್‌ಡಿ ಬ್ಲೂರೇ ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ ಏರಬಲ್ಲದು, 100 ಮೆಗಾಬಿಟ್ ಜಾಲಕ್ಕೆ ಅದು ನಿಲುಕದು. ಚಪ್ಪಟೆ ಪೆಟ್ಟಿಗೆ ಕೊಳ್ಳುವವರು ಪ್ರೊಸೆಸರ್ ತಣಿಸುವ ಕೂಲರ್‌ನ ಎತ್ತರವನ್ನು ಮಿಲಿಮೀಟರ್‌ಗಳಲ್ಲಿ ತಾಳೆ ನೋಡಲಿ.

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಪ್ರೊಸೆಸರ್, ಮದರ್‌ಬೋರ್ಡ್‌ಗಳ ಪರಿಚಯ ಬರೆಯುವಾಗ ಡಿಕೋಡ್ ಆಗುವ ವಿಡಿಯೊ ಮಾದರಿಗಳನ್ನೂ ಎಚ್‌ಡಿಎಂಐ ಆವೃತ್ತಿಯನ್ನೂ ತಪ್ಪದೆ ಮುದ್ರಿಸಬೇಕೆಂದು ಕೋರುತ್ತೇನೆ.

– ಓದುಗ