ಮೊದಲು ಅಂಚೆ ಡಬ್ಬಿ, ಆಮೇಲೆ ಫೋನು

ಲೋ ಗೆಳೆಯಾ,

ಆಗಸ್ಟ್ ಕೊನೆಗೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬರ್ತಿದ್ದೀಯ ಅಂತ ಓದಿ ಖುಷಿಯಾಯ್ತು. ಯಾವ ಸಿಮ್ ತಗೊಳ್ಳಲಿ, ಯಾವ ವಾಟ್ಸಾಪ್ ಗುಂಪಿಗೆ ಸೇರಲಿ ಅಂತ ಕೇಳಿದ್ದೀಯಲ್ಲ, ಗುಂಪಿನ ಚಿಂತೆ ಬಿಡು. ಬೇಡ ಅಂದರೂ ಯಾರೋ ಸೇರಿಸ್ತಾರೆ. ಹಾಸನದಲ್ಲಿ ಮಳೆ ಬಂದದ್ದು, ಯಾರದೋ ಮನೆ ನಾಮಕರಣ, ಯಾವ ಪಕ್ಷದವರು ಯಾರನ್ನ ಬೈದರು ಅನ್ನೋದೆಲ್ಲ ಕೂತಲ್ಲಿಗೇ ಬರುತ್ತೆ. ಬರದೇ ಇರೋದು ನೀನು ಇರೋ ಊರಿನ ಸುದ್ದಿ. ಅದನ್ನ ನೀನೇ ಹುಡುಕಿಕೊಂಡು ಹೋಗಬೇಕು. ಅದರಲ್ಲೂ ಅರ್ಧಕ್ಕರ್ಧ ಇಲ್ಲಿ ಇನ್ನೂ ಕಾಗದದಲ್ಲೇ ಓಡಾಡುತ್ತೆ ಕಣೋ, ಅಂಚೆಯಲ್ಲಿ.

ನಗಬೇಡ. ಬ್ಯಾಂಕ್ ಕಾರ್ಡು ಒಂದು ಲಕೋಟೆ, ಅದರ ಪಿನ್ ಇನ್ನೊಂದು ಲಕೋಟೆ, ಬೇರೆ ಬೇರೆ ದಿನ. ತೆರಿಗೆ ಸಂಖ್ಯೆಯೂ ಅಂಚೆಯಲ್ಲೇ. ನಮ್ಮ ಅಪಾರ್ಟ್‌ಮೆಂಟುಗಳ ಥರ ಡಬ್ಬಿ ಮೇಲೆ ಫ್ಲಾಟ್ ನಂಬರ್ ಇರಲ್ಲ, ಹೆಸರು ನೋಡಿ ಹಾಕ್ತಾರೆ. ಹೆಸರಿಲ್ಲದಿದ್ದರೆ ಕಾಗದ ವಾಪಸ್. ನಿನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇರೋ ಕಡೆ ನಿಮ್ಮಪ್ಪನ ಹೆಸರು ತಾನೇ? ಹಾಗಾದರೆ ಆಫೀಸಿನವರೆಲ್ಲ ನಿನ್ನನ್ನ ಅಪ್ಪನ ಹೆಸರಲ್ಲೇ ಕರೀತಾರೆ, ಕಾಗದಗಳೂ ಅವರ ಹೆಸರಲ್ಲೇ ಬರ್ತವೆ. ರೂಮಿಗೆ ಬಂದ ದಿನವೇ ಆ ಹೆಸರನ್ನ ಒಂದು ಚೀಟಿಯಲ್ಲಿ ಬರೆದು ಡಬ್ಬಿಗೂ ಕಾಲಿಂಗ್ ಬೆಲ್ಲಿಗೂ ಅಂಟಿಸು. ಟೇಪ್ ನನ್ನ ಹತ್ತಿರ ಇದೆ.

ಕೋರ್ಟು, ಸರ್ಕಾರಿ ಕಚೇರಿಗಳು ಕಳಿಸೋ ಹಳದಿ ಲಕೋಟೆ ಬಂದರೆ ಮಾತ್ರ ಅದನ್ನ ಹರಿದು ಬಿಸಾಡಬೇಡ. ಡಬ್ಬಿಗೆ ಹಾಕಿದ ತಾರೀಕನ್ನ ಪೋಸ್ಟ್‌ಮ್ಯಾನ್ ಅದರ ಮೇಲೇ ಬರೆದು ಹೋಗಿರ್ತಾನೆ. ಉತ್ತರಕ್ಕೆ ಗಡುವು ಇದ್ದರೆ ಎಣಿಕೆ ಶುರುವಾಗೋದು ಆ ತಾರೀಕಿನಿಂದ, ನೀನು ಒಡೆದು ನೋಡಿದ ದಿನದಿಂದಲ್ಲ. 'ನನಗೆ ಜರ್ಮನ್ ಬರಲ್ಲ' ಅಂದರೆ ಯಾರೂ ಕೇಳಲ್ಲ. ಇನ್ನೊಂದು ಕಾಗದ ಎಲ್ಲರಿಗೂ ಬರುತ್ತೆ: ರೇಡಿಯೋ ಟಿವಿ ಶುಲ್ಕ, ಮನೆಗೆ ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ ಅಂದರೂ ಬಿಡಲ್ಲ. ಮೋಸ ಅಂದುಕೊಂಡು ಸುಮ್ಮನಿರೋ ಹುಡುಗರಿದ್ದಾರೆ, ಅವರಿಗೆ ಮುಂದೆ ಬಾಕಿ ಸಮೇತ ಬರುತ್ತೆ. ಹಂಚಿಕೊಂಡಿರೋ ಮನೆಯಾದರೆ ಒಬ್ಬರು ಕಟ್ಟಿದರೆ ಸಾಕು. ಕಟ್ಟೋರ ಶುಲ್ಕದ ಖಾತೆ ನಂಬರ್ ಇಸಕೊಂಡು ಉತ್ತರ ಬರಿ. ಅಷ್ಟೂ ದುಡ್ಡು ಕೊಟ್ಟ ಮೇಲೆ ರಾತ್ರಿ 8ರ ಟಾಗೆಸ್‌ಶೌ ವಾರ್ತೆ ನೋಡದೇ ಇರೋದು ದಂಡ ಅಂತ ನನ್ನ ಲೆಕ್ಕ. 1952ರಿಂದ ನಡೀತಿರೋ ವಾರ್ತೆ, ಹದಿನೈದೇ ನಿಮಿಷ, ಕಿರುಚಾಟ ಇಲ್ಲ. ನಮ್ಮ ಚಾನೆಲ್‌ಗಳನ್ನ ನೋಡಿ ಬೆಳೆದವರಿಗೆ ಮೊದಲು ಇದು ವಾರ್ತೆ ಅಂತಲೇ ಅನ್ನಿಸಲ್ಲ. ಭಾಷೆ ತಲೆಗೆ ಹತ್ತಲಿಲ್ಲ ಅಂದರೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯವರು ನಿಧಾನವಾಗಿ ಓದಿದ ಸುದ್ದಿ ಹಾಕ್ತಾರೆ, ಜೊತೆಗೆ ಅದರ ಪಠ್ಯವೂ ಇರುತ್ತೆ. ಪಾತ್ರೆ ತೊಳೀತಾ ಕೇಳು.

ರೈಲಿನ ವಿಷಯ. 2010ರಲ್ಲಿ ಶುರುವಾದ ಇಲ್ಲಿನ ಹೊಸ ಮುಖ್ಯ ಸ್ಟೇಷನ್ ಕೆಲಸ 2019ಕ್ಕೆ ಮುಗೀಬೇಕಿತ್ತು. ಎಷ್ಟು ಸಲ ಮುಂದಕ್ಕೆ ಹೋಯ್ತು ಅಂತ ಇಲ್ಲಿನವರೇ ಎಣಿಸೋದು ಬಿಟ್ಟಿದ್ದಾರೆ. ಬೇಸಿಗೆ ರಜೆಯಲ್ಲಿ ನಡು ಊರಿನ ಎಸ್-ಬಾನ್, ಅಂದರೆ ಲೋಕಲ್ ರೈಲಿನ, ಸುರಂಗವನ್ನ ವಾರಗಟ್ಟಲೆ ಮುಚ್ಚಿದ್ದೂ ಉಂಟು. ಬೋರ್ಡಿನ ಮೇಲೆ 'ಎಸ್‌ಇವಿ' ಅಂತ ಮೂರು ಅಕ್ಷರ ಕಂಡರೆ ರೈಲಿಲ್ಲ, ಬದಲಿ ಬಸ್ಸು ಅಂತ ಅರ್ಥ. ಆ ಬಸ್ಸು ನಿಲ್ಲೋ ಜಾಗ ಹುಡುಕೋದೇ ಒಂದು ಸಾಹಸ. ಪರೀಕ್ಷೆ ದಿನ ಮನೆ ಬಿಡೋ ಮುಂಚೆ ರೈಲಿನ ಆ್ಯಪ್ ನೋಡು.

ನೀನಾ ಅನ್ನೋ ಎಚ್ಚರಿಕೆ ಆ್ಯಪನ್ನೂ ಹಾಕ್ಕೋ. ಸೆಪ್ಟೆಂಬರ್ ಎರಡನೇ ಗುರುವಾರ ಬೆಳಗ್ಗೆ 11ರ ಹೊತ್ತಿಗೆ ದೇಶದಲ್ಲಿರೋ ಫೋನುಗಳೆಲ್ಲ ಒಟ್ಟಿಗೇ ಕಿರುಚುತ್ತವೆ. ಹೆದರಬೇಡ, ಅದು ವರ್ಷಕ್ಕೊಮ್ಮೆಯ ತಾಲೀಮು. ಆಂಬ್ಯುಲೆನ್ಸಿಗೆ 112, ಪೊಲೀಸರಿಗೆ 110. ರಾತ್ರಿ ಜ್ವರ ಬಂದು ಡಾಕ್ಟರು ಬೇಕು, ಆದರೆ ಪ್ರಾಣಕ್ಕೇನೂ ಅಪಾಯವಿಲ್ಲ ಅಂದರೆ 116117.

ಮ್ಯೂನಿಕ್‌ನಲ್ಲಿ ನಮ್ಮ ಕಾನ್ಸುಲೇಟ್ ಇದೆ, ಸ್ಟುಟ್‌ಗಾರ್ಟ್ ಅದರ ವ್ಯಾಪ್ತಿಗೇ ಬರುತ್ತೆ. ಅವರ ಪ್ರಕಟಣೆಗಳ ಮೇಲೆ ಒಂದು ಕಣ್ಣಿಡು. ಜರ್ಮನಿಯಲ್ಲಿ ಏನಾಗುತ್ತೆ ಅಂತೀಯ. 2022ರ ಮಾರ್ಚ್ 2ರಂದು, ಯುದ್ಧದ ನಡುವೆ, ಉಕ್ರೇನಿನ ಖಾರ್ಕೀವ್‌ನಲ್ಲಿದ್ದ ನಮ್ಮ ವಿದ್ಯಾರ್ಥಿಗಳಿಗೆ ರಾಯಭಾರ ಕಚೇರಿಯಿಂದ ಸಂದೇಶ ಬಂತು: ಸಂಜೆ 6ರೊಳಗೆ ಊರು ಬಿಡಿ, ಬಸ್ಸು ರೈಲು ಸಿಗದಿದ್ದರೆ ನಡೆದುಕೊಂಡಾದರೂ ಹೋಗಿ. ಮುಂಚಿನ ದಿನವಷ್ಟೇ ಅಲ್ಲಿ ಹಾವೇರಿ ಜಿಲ್ಲೆಯ ಹುಡುಗನೊಬ್ಬ ಶೆಲ್ ದಾಳಿಯಲ್ಲಿ ತೀರಿಕೊಂಡಿದ್ದ. ಅಂಥ ಗಂಟೆಗಳಲ್ಲಿ ಗುಂಪಿನ ಫಾರ್ವರ್ಡ್ ನಂಬೋಕಾಗಲ್ಲ.

ಇನ್ನು ಮನೆಗೆ ಫೋನು. ಹೊತ್ತು ಗೊತ್ತಿಲ್ಲದೆ ದಿನಕ್ಕೆ ನಾಲ್ಕು ಸಲ ಮಾಡೋದಕ್ಕಿಂತ ಒಂದು ಹೊತ್ತು ನಿಗದಿ ಮಾಡ್ಕೋ. ಇಲ್ಲಿ ಸಂಜೆ 6 ಅಂದರೆ ಅಲ್ಲಿ 9:30, ನಿಮ್ಮಮ್ಮನ ಅಡುಗೆಮನೆ ಕೆಲಸ ಮುಗಿದಿರುತ್ತೆ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಆಗ ಅದೇ 9:30 ನಿನಗೆ 5 ಗಂಟೆ. ಅಮ್ಮನಿಗೆ ಮೊದಲೇ ಹೇಳಿರು. ಇಲ್ಲದಿದ್ದರೆ ಆ ಒಂದು ಗಂಟೆ ದೇವರ ಮುಂದೆ ಕೂತುಬಿಡ್ತಾರೆ. ಊರಿನ ಸಿಮ್ಮಿಗೆ ರೀಚಾರ್ಜ್ ನಿಲ್ಲಿಸಬೇಡ, ಬ್ಯಾಂಕಿನ ಓಟಿಪಿ ಅದಕ್ಕೇ ಬರೋದು.

ಬಂದ ಮೇಲೆ ಒಂದು ದಿನ ಎಸ್ಲಿಂಗನ್‌ಗೆ ಹೋಗೋಣ. ಎಸ್1 ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಸಿಗುತ್ತೆ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು ಅಲ್ಲೇ, 1881ರಲ್ಲಿ. ನಮ್ಮಲ್ಲಿ ಪತ್ರಿಕಾ ದಿನ ಆಚರಿಸೋದು ಆ ಜುಲೈ 1ರ ನೆನಪಿಗೇ. ಧರ್ಮಪ್ರಚಾರಕ್ಕೆ ಬಂದವರು, ಅದು ಬೇರೆ ಮಾತು. ಆದರೆ ಮಂಗಳೂರಿಗೆ ಬಂದು ಅಲ್ಲಿನವರ ಭಾಷೆ ಕಲಿತು, ಅಲ್ಲಿನವರಿಗೇ ಸಮಾಚಾರ ಹೇಳಿದ ಮನುಷ್ಯ. ಇಲ್ಲೇ ಇದ್ದುಕೊಂಡು ಇಲ್ಲಿನ ಸಮಾಚಾರ ಓದೋಕೂ ನಮಗೆ ಸೋಮಾರಿತನ.

ಸದ್ಯಕ್ಕೆ ಇಷ್ಟು ಮಾಡು. ರೂಮಿಗೆ ಬಂದ ಎರಡು ವಾರದೊಳಗೆ ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ, ಆಗಬೇಕು. ಅದಾಗದೆ ಮೇಲೆ ಹೇಳಿದ ಕಾಗದಗಳಲ್ಲಿ ಎಷ್ಟೋ ಹೊರಡೋದೇ ಇಲ್ಲ. ಮನೆ ಮಾಲೀಕರ ಸಹಿ ಇರೋ ಫಾರಂ ಬೇಕು, ಅದನ್ನ ಈಗಲೇ ಕೇಳು. ಅಪಾಯಿಂಟ್‌ಮೆಂಟ್ ಬುಕ್ ಮಾಡೋ ಕೊಂಡಿ ಇವತ್ತೇ ಕಳಿಸ್ತೀನಿ.

ನಿನ್ನವ