ಒಂದು ಭಾನುವಾರ, ಒಂದು ಚೀಲ

ಆತ್ಮೀಯ ಓದುಗರೇ,

ಮಾರ್ಚ್ ತಿಂಗಳ ಮೊದಲ ಭಾನುವಾರ ಇಲ್ಲಿ ಸಿಡ್ನಿಯಲ್ಲಿ ನಿಮ್ಮ ಮನೆ ಹತ್ತಿರದ ಪಾರ್ಕಿನಲ್ಲೋ ಬೀಚಿನಲ್ಲೋ ಕೈಗವಸು ಹಾಕಿಕೊಂಡು ಕಸ ಹೆಕ್ಕುವವರನ್ನು ನೋಡಿರುತ್ತೀರಿ. ಅದು ‘ಕ್ಲೀನ್ ಅಪ್ ಆಸ್ಟ್ರೇಲಿಯಾ’ ದಿನ. ಇದು ಸರ್ಕಾರದ ಯೋಜನೆ ಅಂತ ಅಂದುಕೊಂಡವರೇ ಜಾಸ್ತಿ. ಅಲ್ಲ. ಇದು ಹುಟ್ಟಿದ್ದು ನಮ್ಮ ಸಿಡ್ನಿಯವರೇ ಆದ ಒಬ್ಬರ ಸಿಟ್ಟಿನಿಂದ.

ಅವರು ಇಯಾನ್ ಕೀರ್ನನ್. ಕಸುಬು ಕಟ್ಟಡ ಕಟ್ಟುವುದು, ಹುಚ್ಚು ಹಾಯಿದೋಣಿಯದು. 1986–87ರಲ್ಲಿ ಒಬ್ಬರೇ ದೋಣಿಯಲ್ಲಿ ಜಗತ್ತು ಸುತ್ತುವ ಸ್ಪರ್ಧೆಗೆ ಹೋದರು. ದಾರಿಯಲ್ಲಿ ಅಟ್ಲಾಂಟಿಕ್ ಸಾಗರದ ಸರ್ಗಾಸೊ ಸಮುದ್ರ. ಪಾಚಿ ತೇಲುವ ಆ ನೀರನ್ನು ನೋಡಬೇಕು ಎಂಬುದು ಅವರ ಬಹುದಿನದ ಆಸೆ. ನೋಡಿದರೆ ಅಲ್ಲಿ ಚಪ್ಪಲಿ, ಪ್ಲಾಸ್ಟಿಕ್ ಚೀಲ, ಮಕ್ಕಳ ಡಯಾಪರ್, ಟೂತ್‌ಪೇಸ್ಟ್ ಟ್ಯೂಬು! ಸುತ್ತಲಿನ ಪ್ರವಾಹಗಳು ತೇಲುವ ವಸ್ತುಗಳನ್ನೆಲ್ಲ ತಂದು ಆ ಜಾಗದಲ್ಲಿ ಸೇರಿಸುತ್ತವೆ. ಪಾಚಿ ನಿಲ್ಲುವಲ್ಲಿ ಕಸವೂ ನಿಲ್ಲುತ್ತದೆ.

ಊರಿಗೆ ಬಂದವರು ‘ಸಾಗರ ಉಳಿಸಿ’ ಅಂತ ಭಾಷಣ ಮಾಡಬಹುದಿತ್ತು. ಅದರ ಬದಲು ತಮ್ಮ ಕಣ್ಣೆದುರಿನ ಸಿಡ್ನಿ ಹಾರ್ಬರ್ ಹಿಡಿದುಕೊಂಡರು. ಗೆಳತಿ ಕಿಮ್ ಮೆಕೇ ಮತ್ತು ಕೆಲವರು ಜೊತೆಯಾದರು. 1989ರ ಜನವರಿ 8, ಭಾನುವಾರ, ಬಂದ ಜನ 40,000! ತುಕ್ಕು ಹಿಡಿದ ಕಾರುಗಳು, ಗಾಜು, ಪ್ಲಾಸ್ಟಿಕ್, ಸಿಗರೇಟಿನ ತುಂಡು, ಎಲ್ಲ ಸೇರಿ ಸುಮಾರು 5,000 ಟನ್ ಕಸ ಎತ್ತಿದರು. ಮರುವರ್ಷ ಅದು ಇಡೀ ದೇಶದ ಕೆಲಸವಾಯಿತು. 1993ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗದ ಜೊತೆ ಸೇರಿ ಬೇರೆ ದೇಶಗಳಿಗೂ ಹೋಯಿತು. ಕೀರ್ನನ್ 2018ರಲ್ಲಿ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ.

ಇಷ್ಟು ಜನ ಯಾಕೆ ಬಂದರು? ಕೇಳಿದ್ದು ಸಣ್ಣದು ಅಂತ ನನಗನ್ನಿಸುತ್ತದೆ. ಈ ದಿನ ಬನ್ನಿ, ಈ ಜಾಗಕ್ಕೆ ಬನ್ನಿ, ಒಂದು ಚೀಲ ತುಂಬಿಸಿ. ಸದಸ್ಯತ್ವ ಇಲ್ಲ, ಪ್ರತಿಜ್ಞೆ ಇಲ್ಲ, ವೇದಿಕೆ ಮೇಲೆ ಕೂರುವ ಗಣ್ಯರೂ ಬೇಕಿಲ್ಲ. (ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಅವರ ಅರ್ಧ ಕೆಲಸ ಆಗಿರುತ್ತದೆ!)

ಆದರೆ ಒಂದು ತಕರಾರು ಇದ್ದೇ ಇದೆ. ಈ ವರ್ಷ ಎತ್ತಿದ ಜಾಗದಲ್ಲೇ ಮುಂದಿನ ವರ್ಷ ಮತ್ತೆ ಕಸ. ಹಾಗಾದರೆ ಎತ್ತುವುದು ಸುಮ್ನೆ ಸಮಾಧಾನಕ್ಕಾ? ಎತ್ತಿ ಬಿಸಾಡಿ ಮನೆಗೆ ಹೋಗಿದ್ದರೆ ಹಾಗೇ ಆಗುತ್ತಿತ್ತು. ಇವರು ಲೆಕ್ಕ ಬರೆದಿಟ್ಟರು. ಬಾಟಲಿ ಎಷ್ಟು, ಕ್ಯಾನ್ ಎಷ್ಟು, ಚೀಲ ಎಷ್ಟು. ಆ ಪಟ್ಟಿ ಹಿಡಿದು, ಖಾಲಿ ಬಾಟಲಿ ವಾಪಸ್ ಕೊಟ್ಟವರಿಗೆ ಹಣ ಕೊಡಿ ಎಂದು ವರ್ಷಗಟ್ಟಲೆ ಒತ್ತಾಯಿಸಿದರು. ಈ ಪದ್ಧತಿ ಅವರು ಕಂಡುಹಿಡಿದದ್ದೇನಲ್ಲ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1977ರಿಂದಲೇ ಇತ್ತು. ಊರಿನಲ್ಲಿ ‘ಹಳೇ ಪೇಪರ್, ಖಾಲಿ ಬಾಟ್ಲಿ’ ಎಂಬ ಕೂಗು ಕೇಳಿ ಬೆಳೆದ ನಮಗೂ ಹೊಸದಲ್ಲ ಬಿಡಿ. ಪಾನೀಯ ಕಂಪನಿಗಳ ವಿರೋಧ ಜೋರಾಗಿಯೇ ಇತ್ತು. ಸಿಡ್ನಿ ಇರುವ ನಮ್ಮ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಇದು ಶುರುವಾಗಲು 2017ರ ಡಿಸೆಂಬರ್ ಬರಬೇಕಾಯಿತು. ಈಗ ಬಾಟಲಿಗೆ 10 ಸೆಂಟ್ ಕೊಡುವ ಯಂತ್ರದ ಮುಂದೆ ಮೂಟೆ ಹಿಡಿದು ನಿಲ್ಲುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಅವರ ಪಾಕೆಟ್ ಮನಿ ಅದೇ.

ಇನ್ನು ನಮ್ಮ ಸಂಘದ ವಿಷಯ. 2022ರ ನವೆಂಬರ್‌ನಿಂದ ಇಲ್ಲಿ ಪ್ಲಾಸ್ಟಿಕ್ ತಟ್ಟೆ, ಚಮಚ ಕೊಡುವಂತಿಲ್ಲ. ನಾವು ಕಾಗದದ ತಟ್ಟೆಗೆ ಬಂದೆವು, ಒಳ್ಳೆಯದೇ. ಆದರೆ ಪಾಯಸಕ್ಕೊಂದು ಕಪ್, ಮಜ್ಜಿಗೆಗೊಂದು, ಕಾಫಿಗೆ ಮತ್ತೊಂದು. ‘ಮಣ್ಣಲ್ಲಿ ಕರಗುತ್ತೆ’ ಅಂತ ಬರೆದಿದ್ದರೂ ಸಾಮಾನ್ಯ ಕಸದ ಕೆಂಪು ಮುಚ್ಚಳದ ಡಬ್ಬಿಗೆ ಹಾಕಿದರೆ ಸೇರುವುದು ಅದೇ ಕಸದ ಗುಂಡಿಗೆ. ಸ್ಟೀಲ್ ತಟ್ಟೆ ಕೊಳ್ಳೋಣ ಅಂದರೆ ‘ತೊಳೆಯುವವರು ಯಾರು?’ ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ತೊಳೆಯುವ ಪಾಳಿ ಪ್ರತಿ ಸಲ ಹೆಂಗಸರ ತಲೆಗೇ ಕಟ್ಟುವುದಾದರೆ ಆ ಯೋಚನೆಯೇ ಬೇಡ.

ಅದಕ್ಕೇ ತಟ್ಟೆಯ ಚರ್ಚೆ ಸದ್ಯಕ್ಕೆ ಬದಿಗಿರಲಿ. ಮೊದಲು ಲೆಕ್ಕ ಆಗಲಿ. ಯುಗಾದಿ ಊಟದ ದಿನ ಕಸದ ಡಬ್ಬಿಗಳ ಹತ್ತಿರ ನಿಂತು ಏನೇನು ಎಷ್ಟು ಬಿತ್ತು ಅಂತ ಬರೆದುಕೊಳ್ಳಲು ನಾಲ್ಕು ಜನ ಬೇಕು. ಹದಿಹರೆಯದವರಾದರೆ ಇನ್ನೂ ಒಳ್ಳೆಯದು, ಅವರಿಗೆ ದೊಡ್ಡವರ ದಾಕ್ಷಿಣ್ಯ ಇರುವುದಿಲ್ಲ. ಹೆಸರು ಕೊಡುವವರು ಸಮಿತಿಯವರಿಗೆ ತಿಳಿಸಿ. ಬಂದ ಲೆಕ್ಕವನ್ನು ಹಾಗೇ, ಒಂದು ಕಪ್ಪೂ ಕಡಿಮೆ ಮಾಡದೆ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ